ಸಿನಿಮಾ ತೋರಿಸಿ, ಹಿನ್ನೆಲೆ ಮಾತ್ರ ಹೇಳಬೇಡಿ

‘ಆಲ್ಮೋಸ್ಟ್ ಹೀರೋಸ್’ ಅನ್ನುವ 1998ರ ಹಾಲಿವುಡ್ ನಗೆ ಸಿನಿಮಾಗೆ ವಿಮರ್ಶಕರ ರೇಟಿಂಗ್ ಪಾತಾಳದಲ್ಲಿದೆ, ಆದರೆ ಬಿದ್ದು ಬಿದ್ದು ನಕ್ಕೆವು ಅನ್ನುವ ಪ್ರೇಕ್ಷಕರೂ ತುಂಬಾ ಇದ್ದಾರೆ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ಸ್ನೇಹಿತರಿಗೆ ತೋರಿಸುವ ಮುಂಚೆ ‘ಸ್ವಲ್ಪ ಹಿನ್ನೆಲೆ’ ಹೇಳೋಣ ಅಂತಿದ್ದೇನೆ ಅಂತಲೂ ಬರೆದಿದ್ದೀರಿ. ಆ ಕೊನೆಯ ಸಾಲು ಓದಿ ನನಗೆ ಎದೆ ಧಸಕ್ ಅಂತು. ಹೇಳಬೇಡಿ. ದಯವಿಟ್ಟು ಹೇಳಬೇಡಿ. ಉಳಿದದ್ದು ಆಮೇಲೆ.

ನಾನು ಆಗ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದೆ. ನಾಲ್ಕಾರು ಕನ್ನಡದ ಮನೆಗಳವರು ಸೇರಿ ಒಬ್ಬ ಗೆಳೆಯನ ಬೇಸ್‌ಮೆಂಟ್‌ನಲ್ಲಿ ಆಗಾಗ ಸಿನಿಮಾ ಹಾಕುತ್ತಿದ್ದೆವು. ಪ್ರೊಜೆಕ್ಟರ್ ಅವನದು, ಚುರುಮುರಿ ಎಲ್ಲರದು. ಸಾಮಾನ್ಯವಾಗಿ ಕನ್ನಡ ಸಿನಿಮಾನೇ. ಯಾವುದು ಹಾಕಬೇಕು ಅಂತ ಆರಿಸುವ ಕೆಲಸ ನನ್ನದು. ಯಾರೂ ಕೊಟ್ಟದ್ದಲ್ಲ, ನಾನೇ ಎಳೆದುಕೊಂಡದ್ದು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಈ ಸಿನಿಮಾ ಹಾಕೋಣ ಅನ್ನಿಸಿದ್ದಕ್ಕೆ ಊರೇ ಕಾರಣ. ಸೇಂಟ್ ಲೂಯಿಸ್ ಸುತ್ತಮುತ್ತ ಎಲ್ಲಿ ನೋಡಿದರೂ ಲೂಯಿಸ್ ಮತ್ತು ಕ್ಲಾರ್ಕ್, ಇನ್ನೂರು ವರ್ಷದ ಹಿಂದೆ ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕಿ ಹೋದ ನಾಯಕರು. ರಸ್ತೆಗೆ ಅವರ ಹೆಸರು, ಕಾಲೇಜಿಗೆ ಅವರ ಹೆಸರು. ನದಿಯ ಪಕ್ಕದಲ್ಲಿ ಅವರದೊಂದು ಕಂಚಿನ ಪ್ರತಿಮೆ ಬೇರೆ. ಮಿಸ್ಸಿಸಿಪ್ಪಿ ಉಕ್ಕಿದಾಗ ಪ್ರತಿಮೆ ನೀರಿನಲ್ಲಿ ಮುಳುಗಿ, ಟೋಪಿ ಎತ್ತಿ ಹಿಡಿದ ಕ್ಲಾರ್ಕ್‌ನ ಕೈ ಮಾತ್ರ ಕಾಣುತ್ತಿತ್ತು. ಆಮೇಲೆ ಅದನ್ನು ಸ್ವಲ್ಪ ಎತ್ತರದ ಜಾಗಕ್ಕೆ ತಂದರು.

ಅಮೆರಿಕ ಸರ್ಕಾರ 1803ರಲ್ಲಿ ಫ್ರಾನ್ಸ್ ಕೈಯಿಂದ ಒಂದೂವರೆ ಕೋಟಿ ಡಾಲರ್‌ಗೆ ವಿಶಾಲವಾದ ಪ್ರದೇಶ ಕೊಂಡಿತು. ಅಲ್ಲಿ ಏನಿದೆ ಅಂತ ನೋಡಿಕೊಂಡು ಪೆಸಿಫಿಕ್ ಸಾಗರದವರೆಗೆ ಹೋಗಿ ಬನ್ನಿ ಅಂತ ಅಧ್ಯಕ್ಷ ಜೆಫರ್ಸನ್ ಇವರನ್ನು ಕಳಿಸಿದ. 1804ರ ಮೇ ತಿಂಗಳಲ್ಲಿ ಹೊರಟವರು 1806ರ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದರು. ಸಿನಿಮಾದ ಕಥೆ ಏನಪ್ಪಾ ಅಂದರೆ, ಇವರಿಗಿಂತ ಮುಂಚೆ ಸಾಗರ ಮುಟ್ಟಿ ಹೆಸರು ಮಾಡಬೇಕು ಅಂತ ಇನ್ನೊಂದು ತಂಡ ಹೊರಡುತ್ತದೆ. ಅದರ ನಾಯಕ ಲೆಸ್ಲಿ ಎಡ್ವರ್ಡ್ಸ್, ಮೈ ಕೊಳೆಯಾಗಬಾರದು ಅನ್ನುವ ಶ್ರೀಮಂತ. ಅದು ಮ್ಯಾಥ್ಯೂ ಪೆರಿ, ನಮ್ಮ ‘ಫ್ರೆಂಡ್ಸ್’ ಚಾಂಡ್ಲರ್. ಅವನಿಗೆ ದಾರಿ ತೋರಿಸುವವನು ಬಾರ್ಥಲೋಮ್ಯೂ ಹಂಟ್, ಅದು ಹಾಸ್ಯನಟ ಕ್ರಿಸ್ ಫಾರ್ಲಿ. ದಾರಿ ಗೊತ್ತು ಅನ್ನುವುದು ಅವನ ಬಾಯಲ್ಲಿ ಮಾತ್ರ.

ನಾನಿದನ್ನು ಮೊದಲು ನೋಡಿದ್ದು ಬೆಂಗಳೂರಿನ ಹಾಸ್ಟೆಲ್‌ನಲ್ಲಿ. ಯಾರದೋ ಕಂಪ್ಯೂಟರ್‌ನಲ್ಲಿ ಆ ಫೈಲ್ ಇತ್ತು. ಸಬ್‌ಟೈಟಲ್ ಇಲ್ಲ, ಅರ್ಧ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಆ ದಪ್ಪಗಿರುವವನು ಯಾರು ಅಂತಲೂ ಗೊತ್ತಿರಲಿಲ್ಲ. ಅವನು ಹದ್ದಿನ ಮೊಟ್ಟೆ ತರಲು ಮರ ಹತ್ತುವ ದೃಶ್ಯಕ್ಕೆ ಮಂಚದ ಮೇಲಿದ್ದವರೆಲ್ಲ ಕೆಳಗೆ ಬಂದಿದ್ದೆವು. ಮ್ಯಾಥ್ಯೂ ಪೆರಿಗೆ ಹುಷಾರಿಲ್ಲ, ಮದ್ದಿಗೆ ಹದ್ದಿನ ಮೊಟ್ಟೆ ಬೇಕು. ಇವನು ಹತ್ತುತ್ತಾನೆ, ಹದ್ದು ಕುಕ್ಕುತ್ತದೆ, ಇವನು ಹದ್ದಿನ ಜೊತೆ ಗುದ್ದಾಟಕ್ಕೆ ನಿಲ್ಲುತ್ತಾನೆ. ಆಮೇಲೆ ಮತ್ತೆ ಹತ್ತಬೇಕು. ಇಷ್ಟೇ. ಬರೆದರೆ ಏನೂ ಇಲ್ಲ, ನೋಡಿದರೆ ಉಸಿರು ಕಟ್ಟುತ್ತದೆ.

ಸೇಂಟ್ ಲೂಯಿಸ್‌ನಲ್ಲಿ ಇದನ್ನು ಹಾಕುವ ಹೊತ್ತಿಗೆ ನಾನು ಓದಿಕೊಂಡವನಾಗಿದ್ದೆ. ಅಲ್ಲೇ ಎಡವಟ್ಟು. ಅವತ್ತು ಕಾಫಿ ಬರುವ ಹೊತ್ತಿಗೆ ಎದ್ದು ನಿಂತು ‘ಐದೇ ನಿಮಿಷ’ ಅಂದೆ.

ಮೊದಲರ್ಧ ಚೆನ್ನಾಗೇ ಹೋಯಿತು. ನಿಜವಾದ ಲೂಯಿಸ್ ಮತ್ತು ಕ್ಲಾರ್ಕ್ ಪ್ರಯಾಣದಲ್ಲಿ ನಡೆದ ಫಜೀತಿಗಳನ್ನು ಹೇಳಿದೆ. ಲೂಯಿಸ್ ತಾನೇ ಯೋಚಿಸಿ ಕಬ್ಬಿಣದ ಹಂದರದ ದೋಣಿ ಮಾಡಿಸಿಕೊಂಡಿದ್ದ. ಅದನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿ, ಚರ್ಮ ಹೊದಿಸಿ ನೀರಿಗಿಳಿಸಿದರೆ ಸೋರತೊಡಗಿತು. ಹೊಲಿಗೆಯ ಸಂದು ಮುಚ್ಚೋಕೆ ಮರದ ಅಂಟು ಬೇಕು, ಆ ಅಂಟು ಸಿಗುವ ಪೈನ್ ಮರ ಅಲ್ಲಿ ಇರಲಿಲ್ಲ. ಕೊನೆಗೆ ಅಲ್ಲೇ ಬಿಟ್ಟು ನಡೆದರು. ವಾಪಸ್ ಬರುವಾಗ 1806ರ ಆಗಸ್ಟ್‌ನಲ್ಲಿ ತಂಡದಲ್ಲಿದ್ದ ಕ್ರೂಜಾಟ್ ಅನ್ನುವವನು ಲೂಯಿಸ್ ಜೊತೆ ಬೇಟೆಗೆ ಹೋದ. ಅವನಿಗೆ ಒಂದು ಕಣ್ಣು ಇಲ್ಲ, ಇನ್ನೊಂದು ಮಂಜು. ಚರ್ಮದ ಬಟ್ಟೆ ಹಾಕಿದ ನಾಯಕನನ್ನೇ ಎಲ್ಕ್ ಅನ್ನುವ ದೊಡ್ಡ ಜಿಂಕೆ ಅಂದುಕೊಂಡು ಗುಂಡು ಹೊಡೆದ. ಗುಂಡು ಕುಂಡಿಗೆ ಬಿತ್ತು. ಲೂಯಿಸ್ ಎಷ್ಟು ಕೂಗಿದರೂ ಉತ್ತರ ಇಲ್ಲ, ಆಮೇಲೆ ಕೇಳಿದರೆ ನಾನಲ್ಲ ಅಂದ. ಖಂಡವನ್ನೇ ದಾಟಿ ಬಂದ ಮಹಾನ್ ನಾಯಕ ಗಾಯ ಮಾಯುವವರೆಗೆ ದೋಣಿಯಲ್ಲಿ ಬೋರಲು ಮಲಗಿ ಬರಬೇಕಾಯಿತು. ಬೇಸ್‌ಮೆಂಟ್ ತುಂಬಾ ನಗು. ಅಲ್ಲಿಗೆ ನಿಲ್ಲಿಸಿ ಪ್ಲೇ ಒತ್ತಿದ್ದರೆ ನಾನು ಈ ಉತ್ತರ ಬರೆಯುತ್ತಲೇ ಇರಲಿಲ್ಲ.

ನಿಲ್ಲಿಸಲಿಲ್ಲ. ಫಾರ್ಲಿ ಬಗ್ಗೆಯೂ ಹೇಳಿಬಿಡೋಣ ಅನ್ನಿಸಿತು. ಇದು ಅವನು ನಾಯಕನಾಗಿ ಮಾಡಿದ ಕೊನೆಯ ಸಿನಿಮಾ ಅಂದೆ. ಸಿನಿಮಾ ಬಂದದ್ದು 1998ರ ಮೇ 29ಕ್ಕೆ, ಅವನು ಹೋದದ್ದು 1997ರ ಡಿಸೆಂಬರ್ 18ಕ್ಕೆ, ಷಿಕಾಗೋದಲ್ಲಿ, ಡ್ರಗ್ಸ್ ಜಾಸ್ತಿಯಾಗಿ, ಆಗ 33 ವರ್ಷ ಅಂದೆ. ಅವನು ದೇವರು ಅಂತ ನಂಬಿದ್ದ ಹಾಸ್ಯನಟ ಜಾನ್ ಬೆಲೂಷಿ ಕೂಡ 33ಕ್ಕೇ, ಡ್ರಗ್ಸ್‌ನಿಂದಲೇ ಹೋದವನು ಅಂತಲೂ ಸೇರಿಸಿದೆ. 2023ರ ಅಕ್ಟೋಬರ್‌ನಲ್ಲಿ ಮ್ಯಾಥ್ಯೂ ಪೆರಿಯೂ ತೀರಿಕೊಂಡಿದ್ದು ಅಲ್ಲಿದ್ದವರಿಗೆಲ್ಲ ಗೊತ್ತೇ ಇತ್ತು. ಅದನ್ನೂ ನೆನಪಿಸಿದೆ. ಇಬ್ಬರೂ ಹೀರೋಗಳು ಈಗಿಲ್ಲ ನೋಡಿ ಅಂದೆ. ಇಷ್ಟರಲ್ಲಿ ಮುಖಗಳು ಸಪ್ಪಗಾಗಿದ್ದವು. ನನಗೆ ಅದು ಗಮನ ಕೊಟ್ಟು ಕೇಳುವ ಮುಖಗಳ ಹಾಗೆ ಕಂಡಿತು.

ಆಮೇಲೆ ಆ ಮಾತು ಆಡಿದೆ. ‘ನಮಗೆ ಜೇಮ್ಸ್ ಹೇಗೋ, ಆಗ ಅವರಿಗೆ ಇದು ಹಾಗೆ.’

ಇದು ಎಂಥ ತಪ್ಪು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಇದನ್ನೇ ಮಾಡಲು ಹೊರಟಿದ್ದೀರಿ. ಅಪ್ಪು ಹೋದದ್ದು 2021ರ ಅಕ್ಟೋಬರ್ 29ಕ್ಕೆ. ‘ಜೇಮ್ಸ್’ ಬಂದದ್ದು 2022ರ ಮಾರ್ಚ್ 17ಕ್ಕೆ, ಅವರ ಹುಟ್ಟುಹಬ್ಬಕ್ಕೆ. ನಮ್ಮ ಗುಂಪಿನಲ್ಲಿ ಅದನ್ನು ನೋಡಿ ಅಳದವರು ಇರಲಿಲ್ಲ. ಫೈಟ್ ನಡೆಯುತ್ತಿದ್ದರೂ ಅತ್ತಿದ್ದರು, ಡಾನ್ಸ್ ನಡೆಯುತ್ತಿದ್ದರೂ ಅತ್ತಿದ್ದರು. ಆ ಸಿನಿಮಾಗೆ ಅದರಿಂದ ನಷ್ಟವೇನೂ ಇಲ್ಲ. ಹೀರೋ ದೊಡ್ಡವನಾಗಿ ಕಾಣಬೇಕಾದ ಸಿನಿಮಾ ಅದು, ಅಳು ಅವನನ್ನು ಇನ್ನೂ ದೊಡ್ಡವನು ಮಾಡುತ್ತದೆ. ಬಿದ್ದು ನಗಿಸುವ ಸಿನಿಮಾ ಹಾಗಲ್ಲ. ಯಾರಾದರೂ ಜಾರಿ ಬಿದ್ದರೆ ನಾವು ನಗುವುದು ಅವನಿಗೆ ಏನೂ ಆಗಿಲ್ಲ, ಎದ್ದು ಬರುತ್ತಾನೆ ಅನ್ನುವ ಧೈರ್ಯದ ಮೇಲೆ. ನಾನು ಆ ಧೈರ್ಯವನ್ನೇ ಕಿತ್ತುಕೊಂಡೆ. ಇವನು ಎದ್ದು ಬರಲಿಲ್ಲ, ಆ ಮೈ ತಡೆಯಲಿಲ್ಲ ಅಂತ ಮೊದಲೇ ಹೇಳಿ, ಈಗ ಇವನು ಬೀಳುವುದನ್ನು ನೋಡಿ ನಗಿ ಅಂದೆ. ಅದರ ಮೇಲೆ ಅಪ್ಪು ಹೆಸರು. ಫಾರ್ಲಿ ಯಾರೋ ಪರದೇಶದವನು, ಅವನ ಸಾವಿನ ಸುದ್ದಿ ಹತ್ತು ನಿಮಿಷದಲ್ಲಿ ಮರೆತು ಹೋಗುತ್ತಿತ್ತೇನೋ. ಆ ಒಂದು ಮಾತಿನಿಂದ ಅವನನ್ನು ಮನೆಯವನನ್ನಾಗಿ ಮಾಡಿಬಿಟ್ಟೆ. ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಪ್ಲೇ ಒತ್ತಿದೆ.

ಮೌನ ಅಂದರೆ ಎಂಥ ಮೌನ! ಫಾರ್ಲಿ ಮುಖ ಕೆಂಪಗಾಗಿ ಏದುಸಿರು ಬಿಟ್ಟಾಗ ನನ್ನ ಪಕ್ಕದವರು ‘ಪಾಪ’ ಅಂದರು. ಅವನು ಕೂಗಾಡಿದಾಗ ‘ಆಗಲೇ ಹುಷಾರಿರಲಿಲ್ಲ ಅನ್ಸುತ್ತೆ ಅಲ್ವಾ’ ಅಂತ ಹಿಂದಿನಿಂದ ಕೇಳಿಸಿತು. ಪೆರಿ ಬಂದರೆ ನಿಟ್ಟುಸಿರು. ಚುರುಮುರಿ ತಿನ್ನುವವರೂ ಸದ್ದಾಗದ ಹಾಗೆ ತಿನ್ನುತ್ತಿದ್ದರು.

ನನ್ನ ಭಾಷಣ ಕೇಳದೇ ಇದ್ದವರು ಒಬ್ಬರೇ. ಆ ಮನೆಯ ಗೆಳೆಯನ ಮಾವ, ಹಾಸನದ ಕಡೆಯವರು, ಮಗಳ ಮನೆಗೆ ಬಂದಿದ್ದರು. ಮೇಲೆ ಫೋನಿನಲ್ಲಿ ಊರಿನವರ ಜೊತೆ ಮಾತಾಡಿಕೊಂಡು, ಸಿನಿಮಾ ಅರ್ಧಕ್ಕೆ ಹತ್ತಿರ ಬಂದಾಗ ಇಳಿದು ಬಂದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಹದ್ದಿನ ದೃಶ್ಯ ಬಂತು. ಆ ಮನುಷ್ಯ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ತೊಡೆ ಬಡಿದುಕೊಂಡು. ಆ ಕತ್ತಲಲ್ಲಿ ಒಬ್ಬರದೇ ನಗು. ನಗುತ್ತ ನಗುತ್ತ ಸುತ್ತ ನೋಡಿದರು.

‘ಯಾಕ್ರೋ, ಎಲ್ಲ ಸಾವಿನ ಮನೇಲಿ ಕೂತ ಹಾಗೆ ಕೂತಿದ್ದೀರಿ?’

ಯಾರೂ ಮಾತಾಡಲಿಲ್ಲ. ಅಳಿಯ ಬಗ್ಗಿ ಮೆಲ್ಲಗೆ ಹೇಳಿದ: ‘ಅವರು ತೀರ್ಕೊಂಡ್ರಂತೆ ಮಾವ. ಈ ಸಿನಿಮಾ ಬರೋಕೆ ಮುಂಚೆ.’

‘ಅಯ್ಯೋ. ಎಷ್ಟು ವಯಸ್ಸು?’

‘ಮೂವತ್ತಮೂರು.’

‘ಛೇ,’ ಅಂದರು. ಮುಗಿಯಿತು. ಅಲ್ಲಿಂದ ಕೊನೆಯವರೆಗೆ ಅವರೂ ನಗಲಿಲ್ಲ. ಅದೇ ಮನುಷ್ಯ, ಅದೇ ಸಿನಿಮಾ, ನಡುವೆ ಒಂದು ಸುದ್ದಿ ಅಷ್ಟೇ.

ಇದರಿಂದ ಕಳೆದುಕೊಂಡದ್ದೇನು ಅಂದರೆ, ಮುಂದಿನ ಸಲದಿಂದ ಸಿನಿಮಾ ಆರಿಸುವ ಕೆಲಸ ಬೇರೆಯವರಿಗೆ ಹೋಯಿತು. ಯಾರೂ ಬೈಯಲಿಲ್ಲ. ಸುಮ್ನೆ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೊಬ್ಬರು ಹೆಸರು ಹಾಕಿದರು, ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಆಮೇಲೂ ನಾನು ಏನಾದರೂ ಹೆಸರು ಹೇಳಿದರೆ ‘ಇದರಲ್ಲಿ ಯಾರು ಹೋಗಿದ್ದಾರೆ?’ ಅಂತ ಕೇಳುತ್ತಿದ್ದರು. ಇನ್ನೊಂದು ನಷ್ಟ ನನಗೇ. ಹಾಸ್ಟೆಲ್‌ನಲ್ಲಿ ಕಂಡ ಆ ಹದ್ದಿನ ದೃಶ್ಯ ಈಗ ಹಾಕಿದರೆ ನನಗೆ ‘ಛೇ’ ಅನ್ನುವ ದನಿ ಕೇಳಿಸುತ್ತದೆ.

ಈಗ ನಿಮ್ಮ ಪ್ರಶ್ನೆ. ಯಾರ ಅಭಿಪ್ರಾಯ ನಂಬಲಿ? ಯಾರದನ್ನೂ ನಂಬಬೇಡಿ. ವಿಮರ್ಶಕರು ಒಂದು ಕಡೆ, ಪ್ರೇಕ್ಷಕರು ಒಂದು ಕಡೆ ಅಂತ ನೀವು ಗೆರೆ ಎಳೆದಿರುವುದೇ ತಪ್ಪು ಜಾಗದಲ್ಲಿ. ಬಿಡುಗಡೆಯಾದಾಗ ಪ್ರೇಕ್ಷಕರೂ ಇದನ್ನು ಕೈಬಿಟ್ಟಿದ್ದರು. ಸುಮಾರು 3 ಕೋಟಿ ಡಾಲರ್ ಹಾಕಿ ತೆಗೆದ ಸಿನಿಮಾಗೆ ಅಮೆರಿಕದಲ್ಲಿ ಬಂದದ್ದು 60 ಲಕ್ಷದ ಆಸುಪಾಸು. ಅದೇ ಫಾರ್ಲಿಯ 1995ರ ‘ಟಾಮಿ ಬಾಯ್’ 3 ಕೋಟಿ ದಾಟಿತ್ತು. ನನ್ನ ಲೆಕ್ಕದಲ್ಲಿ ಗೆರೆ ಎಳೆಯಬೇಕಾದದ್ದು ಗೊತ್ತಿದ್ದು ನೋಡಿದವರು, ಗೊತ್ತಿಲ್ಲದೆ ನೋಡಿದವರು ಅಂತ. 1998ರ ಬೇಸಿಗೆಯಲ್ಲಿ ಟಿಕೆಟ್ ತೆಗೆದುಕೊಂಡ ಪ್ರತಿಯೊಬ್ಬ ಅಮೆರಿಕನ್ನನಿಗೂ ಐದು ತಿಂಗಳ ಹಿಂದಿನ ಸುದ್ದಿ ಗೊತ್ತಿತ್ತು. ಅವರಿಗೆಲ್ಲ ಯಾರೋ ನನ್ನ ಹಾಗೆ ಎದ್ದು ನಿಂತು ಭಾಷಣ ಮಾಡಿ ಒಳಗೆ ಕಳಿಸಿದಂತಾಗಿತ್ತು. ಆಮೇಲೆ ಕ್ಯಾಸೆಟ್ ತಂದು, ಟೀವಿಯಲ್ಲಿ ಬಂದಾಗ ಅಣ್ಣತಮ್ಮಂದಿರ ಜೊತೆ ನೆಲದ ಮೇಲೆ ಕೂತು ನೋಡಿದ ಮಕ್ಕಳಿಗೆ ಅದ್ಯಾವುದೂ ಇರಲಿಲ್ಲ. ಇವತ್ತು ಇದನ್ನು ತಲೆಯ ಮೇಲೆ ಹೊತ್ತು ಮೆರೆಸುವವರನ್ನು ಮಾತಾಡಿಸಿ ನೋಡಿ, ಜಾಸ್ತಿ ಜನ ಆ ಮಕ್ಕಳೇ. ಅಮೆರಿಕದ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಹಾಗೇ. ಇಡೀ ಸಿನಿಮಾ ಬಾಯಿಪಾಠ, ಅಣ್ಣ ಫೋನ್ ಮಾಡಿದರೆ ಹಲೋ ಬದಲು ಹಂಟ್‌ನ ಡೈಲಾಗ್.

ಹಾಗಂತ ಇದು ಒಳ್ಳೆಯ ಸಿನಿಮಾನಾ? ಅಲ್ಲ. ಇದನ್ನು ಮುಚ್ಚಿಡುವುದಿಲ್ಲ. ನಿರ್ದೇಶಕ ಕ್ರಿಸ್ಟೋಫರ್ ಗೆಸ್ಟ್ ಅಂದರೆ ಸಣ್ಣವನಲ್ಲ. ಅವನ ಸ್ವಂತ ದಾರಿ ಬೇರೆ: ಡಾಕ್ಯುಮೆಂಟರಿ ತರಹ ಕ್ಯಾಮೆರಾ ಇಟ್ಟು, ನಟರಿಗೆ ಮಾತು ಬರೆದುಕೊಡದೆ, ಗಂಭೀರ ಮುಖದಲ್ಲೇ ಪೆದ್ದುತನ ಮಾಡಿಸುವುದು. 2000ದ ‘ಬೆಸ್ಟ್ ಇನ್ ಶೋ’ ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ಮಾತ್ರ ಬೇರೆಯವರು ಬರೆದ ಸ್ಕ್ರಿಪ್ಟ್, ಸ್ಟುಡಿಯೋ ದುಡ್ಡು, ಮೇಲೆ ಫಾರ್ಲಿ. ಫಾರ್ಲಿಯ ಶಕ್ತಿಯೆಲ್ಲ ಗಲಾಟೆಯಲ್ಲಿ. ಅವನನ್ನು ಗಂಭೀರವಾಗಿ ನಿಲ್ಲಿಸಲಾಗದು, ನಿಲ್ಲಿಸಲೂಬಾರದು. ಹಾಗಾಗಿ ಒಂದು ದೃಶ್ಯ ಗೆಸ್ಟ್ ಕಡೆ ಎಳೆಯುತ್ತದೆ, ಮುಂದಿನದು ಫಾರ್ಲಿ ಕಡೆ. ಪೆರಿ ನಡುವೆ ಸಿಕ್ಕಿಹಾಕಿಕೊಂಡಿದ್ದಾನೆ. ಅವನ ಆ ಒಣ ಚುಚ್ಚುಮಾತು ಸೋಫಾ ಮೇಲೆ ಕೂತು ಆಡಲು ಚೆನ್ನ. 1804ರ ಕೋಟು ಹಾಕಿ ಕಾಡಿನಲ್ಲಿ ನಿಂತು ಆಡಿದರೆ ಅರ್ಧಕ್ಕರ್ಧ ಗಾಳಿಗೆ ಹೋಗುತ್ತದೆ. ‘ಫ್ರೆಂಡ್ಸ್’ ಅಭಿಮಾನಿ ಯಾರಾದರೂ ಚಾಂಡ್ಲರ್‌ಗಾಗಿ ಕೂತರೆ ಬೇಜಾರಾಗುವುದು ಖಂಡಿತ. ದುಭಾಷಿ ಫೊಂಟೆನೊ ಆಗಿ ಯೂಜೀನ್ ಲೀವಿ ಬಂದಾಗಲೆಲ್ಲ ಮಾತ್ರ ಸಿನಿಮಾ ಚುರುಕಾಗುತ್ತದೆ. ಅವನು ಗೆಸ್ಟ್‌ನ ಬಳಗದವನು, ಸುಮ್ಮನೆ ನಿಂತೇ ನಗಿಸುತ್ತಾನೆ.

ನನಗೆ ನಿಜಕ್ಕೂ ಕೋಪ ಬರುವುದು ಒಂದು ವಿಷಯಕ್ಕೆ. ಅಸಲಿ ಪ್ರಯಾಣದಲ್ಲಿ ಸಕಾಜಾವಿಯ ಅನ್ನುವ ಶೊಶೋನಿ ಬುಡಕಟ್ಟಿನ ಹುಡುಗಿ ಇದ್ದಳು. 1805ರ ಫೆಬ್ರವರಿಯಲ್ಲಿ ಹೆತ್ತ ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಸಾಗರದವರೆಗೆ ಹೋದವಳು. ಒಂದು ಸಲ ಬಿರುಗಾಳಿಗೆ ದೋಣಿ ವಾಲಿದಾಗ, ಚುಕ್ಕಾಣಿ ಹಿಡಿದಿದ್ದ ಅವಳ ಗಂಡ ಶಾರ್ಬೊನೊ ದೇವರೇ ದೇವರೇ ಅಂತ ಕೂಗುತ್ತ ಕೂತ. ಇವಳು ನೀರಿನಲ್ಲಿ ತೇಲಿಹೋಗುತ್ತಿದ್ದ ಸಾಮಾನುಗಳನ್ನು ಒಂದೊಂದಾಗಿ ಎತ್ತಿಟ್ಟುಕೊಂಡಳು. ನಗಿಸುವ ಸಿನಿಮಾಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕಾ? ಅಂಥ ಪಾತ್ರವನ್ನು ಇವರು ಪೆರಿ ಬಾಯಿ ಬಿಟ್ಟು ನೋಡುವ ಸುಂದರಿ ಅಷ್ಟಕ್ಕೆ ಇಳಿಸಿದ್ದಾರೆ. ಅಲ್ಲಿನ ಮೂಲನಿವಾಸಿಗಳನ್ನು ತೋರಿಸಿದ ರೀತಿಯೂ ಇವತ್ತು ಮುಜುಗರ ಕೊಡುತ್ತದೆ. ಪ್ರೇಕ್ಷಕರ ಅಭಿಪ್ರಾಯಗಳಲ್ಲಿ ಇದರ ಮಾತು ಬರುವುದೇ ಕಡಿಮೆ. ಹೊಗಳುವವರೂ ಫಾರ್ಲಿ ಬಗ್ಗೆ, ತೆಗಳುವವರೂ ಫಾರ್ಲಿ ಬಗ್ಗೆ.

ಆದರೂ ತೋರಿಸಿ ಅಂತಲೇ ಹೇಳುತ್ತೇನೆ. ಹದ್ದಿನ ದೃಶ್ಯವೊಂದಕ್ಕೇ ಟಿಕೆಟ್ ದುಡ್ಡು ವಸೂಲು. ಸಿನಿಮಾ ಒಂದೂವರೆ ಗಂಟೆಯಷ್ಟೇ, ಬೇಜಾರಾದರೂ ಬೇಗ ಮುಗಿಯುತ್ತದೆ. ಪುಟ್ಟ ಮಕ್ಕಳಿದ್ದರೆ ಬೇರೆ ಕೋಣೆಗೆ ಕಳಿಸಿ, ಪೋಲಿ ಮಾತುಗಳಿವೆ, ಅಲ್ಲಿ ಅದಕ್ಕೆ ಕೊಟ್ಟದ್ದು ಪಿಜಿ-13, ಅಂದರೆ 13ರ ಒಳಗಿನವರ ವಿಷಯದಲ್ಲಿ ಅಪ್ಪ ಅಮ್ಮ ಎಚ್ಚರವಿರಲಿ ಅಂತ. ಸಬ್‌ಟೈಟಲ್ ಹಾಕಲೇಬೇಡಿ ಅನ್ನುವುದು ನನ್ನ ಹಟ, ಕೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಕಣ್ಣು ಕೆಳಗಿನ ಅಕ್ಷರ ಓದುತ್ತಿದ್ದರೆ ಫಾರ್ಲಿ ಮುಖ ತಪ್ಪಿಹೋಗುತ್ತದೆ, ಅಲ್ಲಿ ಇರುವುದೇ ಆ ಮುಖ.

ನೀವಂತೂ ಎಲ್ಲವನ್ನೂ ಓದಿಬಿಟ್ಟಿದ್ದೀರಿ. ಹುಡುಕಾಡಿ ಓದಿದ್ದು ಸಾಲದು ಅಂತ ಈಗ ನನ್ನ ಉತ್ತರವನ್ನೂ ಓದಿದಿರಿ. ನಿಮಗೆ ಹೋಯಿತು, ಅದಕ್ಕೆ ನಾನೇನೂ ಮಾಡಲಾರೆ. ಸ್ನೇಹಿತರಿಗಾದರೂ ಉಳಿಸಿ. ಏನಾದರೂ ಹೇಳದೆ ಇರಲಾರೆ ಅನ್ನಿಸಿದರೆ ಕುಂಡಿಗೆ ಗುಂಡು ಬಿದ್ದ ಕಥೆ ಹೇಳಿ ಕೂತುಬಿಡಿ. ನಡುವೆ ಯಾರಾದರೂ ‘ಈ ದಪ್ಪಗಿರೋನು ಯಾರು, ಬೇರೆ ಯಾವುದರಲ್ಲಿ ಮಾಡಿದ್ದಾನೆ?’ ಅಂತ ಕೇಳಿಯೇ ಕೇಳುತ್ತಾರೆ. ಹೆಸರು ಹೇಳಿ, ‘ಟಾಮಿ ಬಾಯ್’ ಅನ್ನಿ, ಚುರುಮುರಿ ಬಟ್ಟಲು ಅವರ ಕಡೆ ತಳ್ಳಿ. ಫೋನಿನಲ್ಲಿ ಹುಡುಕಿ ನೋಡಲು ಹೊರಟರೆ ಫೋನ್ ಕಿತ್ತಿಟ್ಟುಕೊಳ್ಳಿ, ಸಿನಿಮಾ ಮುಗಿದ ಮೇಲೆ ಕೊಡಿ.